ಹಳೆಯ ಪಿಕಪ್ಪಿಗೆ ದೊಡ್ಡ ಎಂಜಿನ್ನು

ಅಮೇರಿಕಾ ದೇಶದಲ್ಲಿ ನೆಲಸಿರುವ ನಮ್ಮ ಓದುಗ ಸೋದರಿಯೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಮಗನು 1951ನೆಯ ಇಸವಿಯ ಷೆವ್ರೊಲೆ ಪಿಕಪ್ಪೊಂದನ್ನು, ಎಂದರೆ ಹಿಂದುಗಡೆ ತೆರೆದ ತೊಟ್ಟಿಯುಳ್ಳ ಸಣ್ಣ ಲಾರಿಯೊಂದನ್ನು, ಕೊಂಡು ತಂದು ಮನೆಗೆ ಸೇರಿದ ಮೋಟಾರು ಕೊಠಡಿಯಲ್ಲಿ ನಿಲ್ಲಿಸಿದ್ದಾನೆ. ಅದರ ಎಂಜಿನ್ನನ್ನು ಕಿತ್ತು, ಅದಕ್ಕಿಂತ ದೊಡ್ಡದೊಂದನ್ನು ತನ್ನ ಕೈಯಿಂದಲೇ ಕೂಡಿಸುವೆನೆಂದು ಹೊರಟಿದ್ದಾನೆ. ಬೇಡವೆಂದರೆ ಕೇಳುವ ವಯಸ್ಸಲ್ಲ, ಆಗಲೆನ್ನಲು ತಮಗೆ ಧೈರ್ಯ ಬಾರದು, ಏನು ಹೇಳಬೇಕು ಎಂಬುದು ತಾಯಿಯವರ ಪ್ರಶ್ನೆ.

ಯಂತ್ರದ ಮಾತು ಸಂಸಾರಸ್ಥರ ಪತ್ರಿಕೆಗೆ ಸಲ್ಲದೆಂದು ಕೆಲವರಿಗೆ ತೋರಬಹುದು. ಮನೆಯ ಹುಡುಗನು 260 ಕಿಲೋಗ್ರಾಂ ತೂಕದ ಕಬ್ಬಿಣವನ್ನು ಸರಪಣಿಯಲ್ಲಿ ತೂಗಹಾಕಲು ಹೊರಟಾಗ ಅದು ಮನೆಯ ಮಾತೇ ಸರಿಯೆಂದು ನಾವು ಬಗೆಯುತ್ತೇವೆ.

ಮೊದಲು ಆ ಬಂಡಿಯ ಜಾಯಮಾನವನ್ನು ತಿಳಿಯತಕ್ಕದ್ದು. ಈ ಮಾದರಿಯ ಪಿಕಪ್ಪುಗಳನ್ನು ಷೆವ್ರೊಲೆ ಕಂಪೆನಿಯವರು 1947ರಿಂದ 1955ರ ಆರಂಭದವರೆಗೆ ಮಾಡಿದರು. ಹುಲ್ಲು, ಹಾಲಿನ ಕ್ಯಾನು, ಬೇಲಿಯ ಗೂಟ ಇವುಗಳನ್ನು ಹೇರಿಕೊಂಡು ಹೊಲದಿಂದ ಪೇಟೆಗೆ ಹೋಗಿ ಬರುವುದೇ ಅವುಗಳ ಕೆಲಸವಾಗಿದ್ದಿತು. ಆ ದೇಶವನ್ನೆಲ್ಲ ಹೆಣೆದಿರುವ ಅಂತರರಾಜ್ಯ ಹೆದ್ದಾರಿಗಳಿಗೆ ಕಾಯಿದೆಯಾದುದೇ 1956ರಲ್ಲಿ. ಬಂಡಿ ಮೊದಲು ಹುಟ್ಟಿತು, ದಾರಿ ಆಮೇಲೆ ಬಂದಿತು.

1951ರ ಬಂಡಿಯ ಎಂಜಿನ್ನಿನಲ್ಲಿ ಸಾಲಾಗಿ ಆರು ಸಿಲಿಂಡರುಗಳು. ಗಾತ್ರ 216 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಲೀಟರು. ಸುಮಾರು 90 ಅಶ್ವಶಕ್ತಿ ಎಂಬುದು ಕಂಪೆನಿಯ ಲೆಕ್ಕ. ಅದರ ಕನೆಕ್ಟಿಂಗ್ ರಾಡುಗಳ ಬೇರಿಂಗುಗಳು ಬ್ಯಾಬಿಟ್ಟೆಂಬ ಮೆತ್ತನೆಯ ಮಿಶ್ರಲೋಹವನ್ನು ಎರಕ ಹೊಯ್ದು ಮಾಡಿದವು. ರಾಡಿನ ಅಡಿಯಲ್ಲಿ ಚಮಚದಂತಹ ತುದಿಯೊಂದಿದ್ದು, ಅದು ಎಣ್ಣೆಯನ್ನು ಮೊಗೆದುಕೊಳ್ಳುತ್ತ ಬೇರಿಂಗಿಗೆ ಊಡುವುದು. ಹದವಾದ ನಡಿಗೆಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಹಿಂದಿನ ಆಕ್ಸೆಲ್ಲಿನ ಗೇರು 4.11ರದು, ಚಕ್ರ ಒಂದು ಸುತ್ತು ಬರುವುದರೊಳಗೆ ಪ್ರೊಪೆಲ್ಲರ್ ಷಾಫ್ಟು ನಾಲ್ಕು ಸುತ್ತಿಗೆ ಮೇಲೆ ತಿರುಗಬೇಕು. ಗಂಟೆಗೆ 45 ಮೈಲಿ ಓಡುವಾಗ ಎಂಜಿನ್ನು ಮಿನಿಟಿಗೆ ಸುಮಾರು 2200 ಸುತ್ತು. ಇಂದಿನ ಹೆದ್ದಾರಿಯ 65 ಮೈಲಿಗೆ ಸುಮಾರು 3200. ಹೀಗೆ ಗಂಟೆಗಟ್ಟಲೆ ಓಡಿಸಿದರೆ ಬ್ಯಾಬಿಟ್ಟು ಎಷ್ಟು ದಿನ ತಾಳೀತು? ಆದುದರಿಂದ ಹುಡುಗನ ಆಸೆ ಬರಿಯ ಷೋಕಿಯಲ್ಲ, ಅದಕ್ಕೆ ಕಾರಣವುಂಟು.

ಅವನು ತರಬೇಕೆಂದಿರುವುದು ಅದೇ ಕಂಪೆನಿಯ 350 ಘನ ಅಂಗುಲದ ವಿ ಎಂಟು. ಈ ವಂಶದ ಮೊದಲ ಎಂಜಿನ್ನು, 265 ಘನ ಅಂಗುಲದ್ದು, ಮುಖ್ಯ ಎಂಜಿನಿಯರಾಗಿದ್ದ ಎಡ್ ಕೋಲರ ನೇತೃತ್ವದಲ್ಲಿ ಸಿದ್ಧವಾಗಿ 1955ರ ಕಾರುಗಳಲ್ಲಿ ಬಂದಿತು. 350ರದು ಬಂದುದು 1967ರಲ್ಲಿ, ಗಾತ್ರ 5.7 ಲೀಟರು. ನಾಲ್ಕು ನಾಲ್ಕು ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ನಿಂತಿರುವುದರಿಂದ ಇದು ಆರರ ಎಂಜಿನ್ನಿಗಿಂತ ಗಿಡ್ಡವಾಗಿಯೇ ಇರುವುದು. 1955ರ ವಿ ಎಂಟಂತೂ ಕಂಪೆನಿಯ ಆಗಿನ ಆರು ಸಿಲಿಂಡರಿನದಕ್ಕಿಂತ ತೂಕದಲ್ಲಿಯೂ ಕಡಿಮೆ. ಗೇರುಪೆಟ್ಟಿಗೆಯನ್ನು ಜೋಡಿಸುವ ಬೋಲ್ಟಿನ ರಂಧ್ರಗಳನ್ನು ದಶಕಗಳ ಕಾಲ ಒಂದೇ ಅಳತೆಯಲ್ಲಿಟ್ಟುದರಿಂದ ಇದಕ್ಕೆ ಹೊಂದುವ ಭಾಗಗಳು ಗುಜರಿ ಅಂಗಡಿಗಳಲ್ಲಿಯೂ ದೊರೆಯುವುವು.

ಎಂಜಿನ್ನನ್ನು ಕೂಡಿಸುವುದು ಇಷ್ಟು ಸುಲಭವಾಗಿರುವುದೇ ಅಪಾಯ. ಕೆಲಸವು ನಿಜವಾಗಿ ಪ್ರಾರಂಭವಾಗುವುದು ಅದರ ಹಿಂದೆ.

ಆ ಬಂಡಿಯಲ್ಲಿ ಪ್ರೊಪೆಲ್ಲರ್ ಷಾಫ್ಟು ಒಂದು ಮುಚ್ಚಿದ ಕೊಳವೆಯೊಳಗೆ ತಿರುಗುವುದು. ಕೊಳವೆಯು ಗೇರುಪೆಟ್ಟಿಗೆಗೂ ಹಿಂದಿನ ಆಕ್ಸೆಲ್ಲಿಗೂ ಬಿಗಿದಿದ್ದು, ಬಂಡಿಯನ್ನು ಮುಂದಕ್ಕೆ ದೂಡುವ ಬಲವನ್ನೂ ಅದೇ ಹೊರುವುದು. ಈಚಿನ ಗೇರುಪೆಟ್ಟಿಗೆಯನ್ನು ಹಾಕಬೇಕಾದರೆ ಕೊಳವೆ ಹೋಗಬೇಕು. ಕೊಳವೆ ಹೋದರೆ ಆಕ್ಸೆಲ್ಲೂ ಹೋಗಬೇಕು. ವಿದ್ಯುತ್ತು 6 ವೋಲ್ಟಿನದು. ಅದನ್ನು 12ಕ್ಕೆ ಏರಿಸಬೇಕು. ಎಡಗಡೆಯ ಹೊಗೆಯ ಕೊಳವೆ ಸ್ಟೀರಿಂಗಿನ ಪೆಟ್ಟಿಗೆಗೆ ತಗಲುವುದು. ಇದಕ್ಕಾಗಿ ಟಗರಿನ ಕೊಂಬಿನಂತೆ ಬಾಗಿದ, ಆ ಹೆಸರಿನಿಂದಲೇ ಕರೆಯಲ್ಪಡುವ, ಎರಕದ ಕೊಳವೆಯನ್ನು ಹುಡುಕುವರು. ರೇಡಿಯೇಟರೂ ಎಂಜಿನ್ನನ್ನು ಹೊರುವ ಆಸರೆಗಳೂ ಬೇರೆಯಾಗತಕ್ಕವು.

ಇವೆಲ್ಲ ಹಣದ ಮತ್ತು ತಾಳ್ಮೆಯ ಮಾತು. ಪ್ರಾಣದ ಮಾತು ಬ್ರೇಕಿನದು. ನಾಲ್ಕು ಚಕ್ರಗಳಿಗೂ ಡ್ರಮ್ಮಿನ ಬ್ರೇಕುಗಳು. ಎಲ್ಲಕ್ಕೂ ಎಣ್ಣೆಯನ್ನೊತ್ತುವ ಸಿಲಿಂಡರು ಒಂದೇ, ಅದೂ ಚಾಲಕನ ಕಾಲಡಿಯ ಹಲಗೆಯ ಕೆಳಗೆ. ಎಲ್ಲಿಯಾದರೂ ಒಂದು ಕಡೆ ಎಣ್ಣೆ ಸೋರಿತೆಂದರೆ ನಾಲ್ಕೂ ಕೈಬಿಡುವುವು. ಬಂಡಿಯ ಓಟದಲ್ಲಿ ಅಡಗಿರುವ ಶಕ್ತಿಯು ವೇಗದ ವರ್ಗದಂತೆ ಬೆಳೆಯುವುದೆಂದು ಶಾಲೆಯಲ್ಲಿ ಓದಿದ್ದೇವಷ್ಟೆ. 45 ಮೈಲಿಯಿಂದ 65ಕ್ಕೆ ಏರಿದರೆ ವೇಗ ಒಂದೂವರೆಯಷ್ಟೂ ಆಗಲಿಲ್ಲ. ಬ್ರೇಕು ನುಂಗಬೇಕಾದ ಶಕ್ತಿ ಮಾತ್ರ ಎರಡರಷ್ಟಕ್ಕೂ ಮೀರಿತು. 45ಕ್ಕೆ ಒಗ್ಗಿದ ಬ್ರೇಕಿನ ಮೇಲೆ ಇಷ್ಟನ್ನು ಹೇರುವುದು ಸಾಹಸವಲ್ಲ, ಅವಿವೇಕ. ಮುಂದಿನ ಚಕ್ರಗಳಿಗೆ ಡಿಸ್ಕು ಬ್ರೇಕುಗಳನ್ನೂ, ಮುಂದಕ್ಕೊಂದು ಹಿಂದಕ್ಕೊಂದು ಪ್ರತ್ಯೇಕ ದಾರಿಯುಳ್ಳ ಸಿಲಿಂಡರನ್ನೂ ಮೊದಲು ಹಾಕಿ, ಹಳೆಯ ಎಂಜಿನ್ನಿನಿಂದಲೇ ಕೆಲವು ವಾರ ಓಡಿಸಿ ನೋಡಲಿ. ದೊಡ್ಡ ಎಂಜಿನ್ನು ಮನೆಗೆ ಬರುವುದು ಆಮೇಲೆ. ಈ ಕ್ರಮಕ್ಕೆ ಮಗನು ಒಪ್ಪಿದರೆ ತಾಯಿಯವರು ಆಗಲೆನ್ನಬಹುದು. ಒಪ್ಪದಿದ್ದರೆ ಬೇಡವೆನ್ನುವುದೇ ಲೇಸು.

ನಡುವಣ ದಾರಿಯೊಂದುಂಟು; ನಮ್ಮ ಮನಸ್ಸು ಅದರ ಕಡೆಗೇ ವಾಲುವುದು. ಅದೇ ಕಂಪೆನಿಯ 235 ಘನ ಅಂಗುಲದ ಆರು ಸಿಲಿಂಡರು ಎಂಜಿನ್ನು, 1954ರಿಂದ ಈಚಿನದು, ಹಳೆಯದರ ದಾಯಾದಿಯೇ ಆದುದರಿಂದ ಅಲ್ಪಸ್ವಲ್ಪ ಮಾರ್ಪಾಟಿನಿಂದ ಅದರ ಸ್ಥಳದಲ್ಲಿ ಕೂಡುವುದು. ಇದರಲ್ಲಿ ಎಣ್ಣೆಯು ಒತ್ತಡದಿಂದ ಬೇರಿಂಗುಗಳಿಗೆ ಹರಿಯುವುದು. ಚಮಚದ ಉಪಚಾರ ಬೇಡ. ಗೇರುಪೆಟ್ಟಿಗೆ, ಕೊಳವೆ, ಆಕ್ಸೆಲ್ಲು ಎಲ್ಲವೂ ಇದ್ದಂತೆಯೇ ಇರಬಹುದು. ಆ ಹಳೆಯ ಆಕ್ಸೆಲ್ಲಿಗೇ ಹೊಂದುವ 3.55ರ ಗೇರುಗಳೂ ದೊರೆಯುವುದರಿಂದ ಸುತ್ತುಗಳನ್ನು ಇಳಿಸಿಕೊಳ್ಳುವುದಕ್ಕೂ ಉಪಾಯವಿದೆ. ನೆರೆಯವರನ್ನು ಬೆರಗುಗೊಳಿಸುವ ಗರ್ಜನೆ ಇದರಿಂದ ಹೊರಡದು. ಅದೇ ಬೇಕೆಂಬುವರಿಗೆ ನಾವೇನು ಹೇಳಬಲ್ಲೆವು?

ಎಂಜಿನ್ನನ್ನು ಎತ್ತುವ ವಿಚಾರ. ಕೊಠಡಿಯ ಮಾಡಿನ ಮರಗಳು ಮಾಡನ್ನು ಹೊರಲೆಂದು ಇಟ್ಟವು. ಅವುಗಳಿಗೆ ಚೈನ್ ಪುಲ್ಲಿಯನ್ನು ತೂಗಹಾಕಲೇಬಾರದು. ನೆಲದ ಮೇಲೆ ಉರುಳುವ ಸಣ್ಣ ಕ್ರೇನುಗಳು ಬಾಡಿಗೆಗೆ ದೊರೆಯುವುವು. ಎರಡು ಟನ್ನಿನದೆಂದು ಬರೆದಿರುವ ಕ್ರೇನು ಆ ಭಾರವನ್ನು ತೋಳು ಗಿಡ್ಡವಾಗಿದ್ದಾಗ ಮಾತ್ರ ಎತ್ತಬಲ್ಲುದು. ತೋಳನ್ನು ಪೂರ್ತಿ ಚಾಚಿದಾಗ ಅದರ ಮಿತಿ ಸಾಮಾನ್ಯವಾಗಿ ಅರ್ಧ ಟನ್ನು. ಎಂಜಿನ್ನಿನ ಜೊತೆಗೆ ಗೇರುಪೆಟ್ಟಿಗೆಯನ್ನೂ ಎತ್ತುವವರು ಇದನ್ನು ಮರೆಯಬಾರದು. ತೂಗುವ ಭಾರದ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಒಡ್ಡಕೂಡದು. ಜಾಕನ್ನು ಮಾತ್ರ ನಂಬಿ ಬಂಡಿಯ ಕೆಳಗೆ ನುಸುಳಕೂಡದು. ಗಟ್ಟಿಯಾದ ಆಸರೆಗಳ ಮೇಲೆ ಚೌಕಟ್ಟನ್ನು ಕೂರಿಸಬೇಕು. ಹೊಸ ಎಂಜಿನ್ನಿಗೆ ಮೊದಲ ಸಲ ಪ್ರಾಣ ಬಂದ ಸಂತೋಷದಲ್ಲಿ ಕೊಠಡಿಯ ಬಾಗಿಲನ್ನು ಮುಚ್ಚಿಕೊಂಡು ಓಡಿಸುವವರುಂಟು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮೋಟಾರು ಕೊಠಡಿಯು ಮನೆಗೆ ಅಂಟಿಕೊಂಡಿದ್ದರೆ ಮಲಗಿರುವವರ ಕೋಣೆಗೂ ಅದು ನುಸುಳಬಲ್ಲುದು. ಬಂಡಿಯನ್ನು ಬಯಲಿಗೆ ನೂಕಿ ಎಂಜಿನ್ನನ್ನು ಚಾಲೂ ಮಾಡತಕ್ಕದ್ದು.

ಕಾನೂನು ಅಲ್ಲಿ ಪ್ರಾಂತಕ್ಕೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲು ಬಂಡಿಗಳಿಗೆ ಹೊಗೆಯ ಪರೀಕ್ಷೆಯಿಲ್ಲ. ಎಲ್ಲಕ್ಕೂ ಮುಂಚೆ ನೋಡಬೇಕಾದುದು ಬಂಡಿಯ ಹಕ್ಕುಪತ್ರವನ್ನು. ಆ ಕಾಲದಲ್ಲಿ ಕೆಲವು ಪ್ರಾಂತಗಳವರು ಚೌಕಟ್ಟಿನ ಸಂಖ್ಯೆಗೆ ಬದಲಾಗಿ ಎಂಜಿನ್ನಿನ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯುತ್ತಿದ್ದರು. ಅಂತಹ ಪತ್ರವಿದ್ದು ಎಂಜಿನ್ನು ಗುಜರಿಗೆ ಹೋದರೆ, ಬಂಡಿ ತನ್ನದೆಂದು ತೋರಿಸುವುದೇ ಹುಡುಗನಿಗೆ ಕಷ್ಟವಾದೀತು. ಇದನ್ನೋದಿ ತಮ್ಮ ಹಳೆಯ ಜೀಪಿಗೂ ಹೀಗೆಯೇ ಮಾಡೋಣವೆಂದುಕೊಳ್ಳುವ ನಮ್ಮ ನಾಡಿನ ಗೃಹಸ್ಥರು, 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವನ್ನು ಮೊದಲು ಓದಿಕೊಳ್ಳಲಿ. ನೋಂದಣಿ ಅಧಿಕಾರಿಗಳ ಒಪ್ಪಿಗೆಯಿಲ್ಲದೆ ಎಂಜಿನ್ನನ್ನು ಬದಲಾಯಿಸುವ ಸ್ವಾತಂತ್ರ್ಯ ಇಲ್ಲಿಲ್ಲ.

ತೆಗೆದ ಎಂಜಿನ್ನನ್ನು ಮಾರದೆ ಇಟ್ಟುಕೊಳ್ಳುವುದು ಮೇಲು. ಪ್ಲಗ್ಗುಗಳ ರಂಧ್ರದಿಂದ ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆಯನ್ನು ಹೊಯ್ದು, ಕೈಯಿಂದ ಎರಡು ಸುತ್ತು ತಿರುಗಿಸಿ, ನೀರನ್ನೆಲ್ಲ ಬಸಿದು, ತೆರೆದ ಬಾಯಿಗಳನ್ನೆಲ್ಲ ಮುಚ್ಚಿ, ನೆಲದ ತೇವ ತಾಗದಂತೆ ಹಲಗೆಯ ಮೇಲಿಡಬೇಕು. ಅದರ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದು ಬಂಡಿಯ ಪತ್ರಗಳ ಜೊತೆಯಲ್ಲಿ ಸೇರಿಸಿಡಲಿ.