ಅಪ್ಪನ ಮಾತಿಗೆ ಗದ್ಯವೇ ಬೇಕೆ?

ತಂದೆಯ ಮೇಲಿನ ಪ್ರೀತಿ, ಮುನಿಸುಗಳನ್ನು ಒಟ್ಟಿಗೆ ಹೇಳಲು ಕವಿತೆಗೆ ಆಗದು, ಅದು ಆರಾಧಿಸುತ್ತದೆ ಇಲ್ಲವೇ ಸಿಡಿಯುತ್ತದೆ. ಅದಕ್ಕೇ ಮೂಡಿಗೆರೆಯ ತೇಜಸ್ವಿ ತಮ್ಮ ತಂದೆ ಕುವೆಂಪು ಕುರಿತು ‘ಅಣ್ಣನ ನೆನಪು’ ಬರೆಯಲು ಗದ್ಯ ಹಿಡಿದರು ಎಂಬುದು ಈಚೆಗೆ ಅಚ್ಚಾದ ಲೇಖನವೊಂದರ ವಾದ. ಪುಸ್ತಕ ದೊಡ್ಡದು, ನಿಜ. ಅದು ಕವಿತೆಯ ಸೋಲಿಗೆ ಸಾಕ್ಷಿಯಲ್ಲ. ‘ಸೋಮುವಿನ ಸ್ವಗತ ಲಹರಿ’ಯಂಥ ಕವನಗಳನ್ನು ಬರೆದಿದ್ದ ತೇಜಸ್ವಿ ಮುಂದೆ ಕತೆ, ಕಾಡು, ಹಕ್ಕಿ ಎಲ್ಲಕ್ಕೂ ಗದ್ಯವನ್ನೇ ನೆಚ್ಚಿದರು. ತಂದೆಯೊಬ್ಬರಿಗಾಗಿ ಕವಿತೆ ಬಿಟ್ಟವರಲ್ಲ.

ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ 1962ರಲ್ಲಿ ಬರೆದ ‘ಡ್ಯಾಡಿ’ ಕವಿತೆ ಬರೀ ಸಿಟ್ಟು ಎನ್ನುವವರು ಅದನ್ನು ಗಟ್ಟಿಯಾಗಿ ಓದಿ ನೋಡಲಿ. ತಂದೆ ತೀರಿದಾಗ ಆಕೆಗೆ ಎಂಟು ವರ್ಷ. ಆರೋಪಗಳೆಲ್ಲ ಬೆಳೆದ ಹೆಂಗಸಿನವು. ಕರೆಯುವ ದನಿ, ಪ್ರಾಸ ಮಾತ್ರ ಶಿಶುಗೀತೆಯವು. ಬೈಗುಳದೊಳಗೇ ಹಂಬಲ ಕೇಳಿಸುತ್ತದೆ. ಗದ್ಯ ‘ಆದರೆ’ ಎಂದು ಮುಂದಿನ ವಾಕ್ಯಕ್ಕೆ ದಾಟಬೇಕು. ಕವಿತೆಯಲ್ಲಿ ಅರ್ಥ ದೂರುತ್ತಿರುವಾಗಲೇ ಲಯ ಮುದ್ದಿಸಬಲ್ಲದು.

ಪ್ರೀತಿ, ಮುನಿಸುಗಳ ಈ ಬೆರಕೆ ಹೊರಗಿನ ಸರಕೂ ಅಲ್ಲ. ನಮ್ಮ ಜನಪದ ಹಾಡುಗಳಲ್ಲಿ ತವರನ್ನು ಹರಸುವ ಮಗಳೇ ದೂರದೂರಿಗೆ ಕೊಟ್ಟದ್ದಕ್ಕೆ ಕೊರಗುತ್ತಾಳೆ. ಅಡಿಗರ ‘ವರ್ಧಮಾನ’ ತಂದೆ, ಮಗನ ತಿಕ್ಕಾಟವನ್ನೇ ಹಿಡಿದ ಕವಿತೆ. ಕನ್ನಡ ಕಾವ್ಯದ ಮಿತಿ ಅಳೆಯುವ ಆ ಲೇಖನದಲ್ಲಿ ಇವೆರಡರ ಸುದ್ದಿಯೇ ಇಲ್ಲ.