ಆರಿಸಿದ ದೀಪ ಮಿಣುಕುವುದೇಕೆ?

ಉಡುಪಿಗೆ ತಾಗಿಕೊಂಡಿರುವ ಅಂಬಲಪಾಡಿಯಲ್ಲಿ ನಮ್ಮ ಬಂಧುಗಳದೊಂದು ಹಳೆಯ ಹೆಂಚಿನ ಮನೆಯಿದೆ. ಕಳೆದ ಮಳೆಗಾಲದಲ್ಲಿ ಅದರ ಚಾವಡಿಗೆ ಹೊಸ ದೀಪವೊಂದನ್ನು ತೂಗಹಾಕಿದರು. ಬಹುಕಾಲದಿಂದ ಅಲ್ಲಿದ್ದುದು ಬೇಕಲೈಟ್ ಹೋಲ್ಡರಿಗೆ ಸಿಕ್ಕಿಸಿದ 60 ವಾಟಿನ ಬಲ್ಬು. ಅದರ ಸ್ಥಾನಕ್ಕೆ ಬಂದುದು ಮೂರು ಎಲ್‌ಇಡಿ ಬಲ್ಬುಗಳ, ಲೋಹದ ತೂಗುದೀಪ. ಚಾವಡಿಗೆ ಕಳೆ ಬಂದಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ರಾತ್ರಿ ಸ್ವಿಚ್ಚನ್ನು ಆರಿಸಿದ ಮೇಲೂ ಬಲ್ಬುಗಳು ಮಿಂಚುಹುಳಗಳಂತೆ ಮಂದವಾಗಿ ಮಿಣುಕುತ್ತಿದ್ದುವು. ಬಲ್ಬುಗಳೇ ಕೆಟ್ಟವೆಂದು ತೀರ್ಮಾನಿಸಿ, ಅಂಗಡಿಗೆ ಮರಳಿಸಿ ಬೇರೆ ತಂದರು. ಅವೂ ಮಿಣುಕಿದುವು.

ಬಲ್ಬುಗಳ ಮೇಲೆ ಹೊರಿಸಿದ ಈ ಅಪವಾದ ಅನ್ಯಾಯವೆಂದೇ ನನ್ನ ಅಭಿಪ್ರಾಯ. 60 ವಾಟಿನ ಹಳೆಯ ಬಲ್ಬು 230 ವೋಲ್ಟಿನಲ್ಲಿ ಸುಮಾರು 0.26 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಅದರ ತಂತು ಕೆಂಪೇರಿ ಬೆಳಗಬೇಕಾದರೆ ಅಷ್ಟು ಪ್ರವಾಹ ಬೇಕು. ಅದರ ಸಾವಿರದ ಒಂದು ಭಾಗ ಹರಿದರೆ ತಂತು ಬೆಚ್ಚಗೂ ಆಗದು. ಎಲ್‌ಇಡಿಯ ರೀತಿ ಬೇರೆ. ಅದರೊಳಗಿನ ಧಾರಕವು ಸೋರಿಬಂದ ಅಲ್ಪ ವಿದ್ಯುತ್ತನ್ನು ಹನಿಹನಿಯಾಗಿ ಕೂಡಿಟ್ಟು, ಸಾಕಷ್ಟಾದೊಡನೆ ಬೆಳಕಾಗಿ ಚೆಲ್ಲುತ್ತದೆ. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯ ಮೂಲಕ 9 ವಾಟಿನ ಎಲ್‌ಇಡಿ ಬಲ್ಬುಗಳು ಹಳ್ಳಿಮನೆಗಳನ್ನೂ ಹೊಕ್ಕುವು. ಹಳೆಯ ಬಲ್ಬು ಮುಚ್ಚಿಟ್ಟಿದ್ದ ಗುಟ್ಟನ್ನು ಹೊಸ ಬಲ್ಬು ಹೊರಗೆಡಹುತ್ತಿದೆ ಎಂದರೆ ತಪ್ಪಾಗದು.

ಆ ಗುಟ್ಟು ಕೆಲವೊಮ್ಮೆ ನಿರಪಾಯವಾದುದು. ಕತ್ತಲಲ್ಲಿ ಗುರುತು ಸಿಗಲೆಂದು ಕೆಲವು ಸ್ವಿಚ್ಚುಗಳೊಳಗೆ ಪುಟ್ಟ ದೀಪವನ್ನಿಟ್ಟಿರುತ್ತಾರೆ. ಅದರ ಮೂಲಕ ಸ್ವಲ್ಪ ಪ್ರವಾಹ ಸಾಗುತ್ತದೆ. ಎರಡು ತಂತಿಗಳು ಜೊತೆಜೊತೆಯಾಗಿ ಹತ್ತು ಮೀಟರು ಹರಿದಿದ್ದರೆ ಅವೇ ಒಂದು ಧಾರಕವಾಗಿ, ಮಿಲಿಯಾಂಪಿಯರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಪ್ರವಾಹವನ್ನು ದಾಟಿಸಬಲ್ಲವು. ಇವೆರಡಕ್ಕೂ ಭಯಪಡಬೇಕಾದುದಿಲ್ಲ. ಭಯಪಡತಕ್ಕದ್ದು ಮೂರನೆಯದಕ್ಕೆ: ಸ್ವಿಚ್ಚನ್ನು ಫೇಸ್ ತಂತಿಯಲ್ಲಿಡದೆ ನ್ಯೂಟ್ರಲ್ ತಂತಿಯಲ್ಲಿಟ್ಟಿರುವುದು.

ಹೀಗಾದಾಗ ಸ್ವಿಚ್ಚು ಒತ್ತಿದರೆ ದೀಪ ಹೊತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಮನೆಯವರಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ದೀಪ ಆರಿದ್ದಾಗಲೂ ಹೋಲ್ಡರಿನಲ್ಲಿ 230 ವೋಲ್ಟು ಕಾದುಕೊಂಡಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ಧೈರ್ಯದಿಂದ ಕಬ್ಬಿಣದ ಏಣಿಯೇರಿ, ಬಲ್ಬು ಬದಲಿಸಲು ಬೆರಳಿಟ್ಟವನ ಗತಿಯೇನು? ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಯೂ ನೆಲವೂ ಒದ್ದೆ, ಕೈಕಾಲೂ ಒದ್ದೆ. ಮನುಷ್ಯರ ರಕ್ಷಣೆಗಾಗಿ ಮನೆಗಳಲ್ಲಿ ಅಳವಡಿಸುವ ಸೋರಿಕೆ-ತಡೆ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿಯಾಂಪಿಯರಿಗೆ ಪ್ರವಾಹವನ್ನು ಕಡಿಯುತ್ತದೆ. ಆ ಹಳೆಯ ಬಲ್ಬು ಸೆಳೆಯುತ್ತಿದ್ದುದು ಅದರ ಎಂಟು ಪಟ್ಟಿಗೂ ಹೆಚ್ಚು! ನ್ಯೂಟ್ರಲ್ ತಂತಿಯಲ್ಲಿ ಒಂಟಿ ಸ್ವಿಚ್ಚು ಇರಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ವಿಧಿಸಲಾಗಿತ್ತು. ನಿಯಮಗಳು ಆಮೇಲೆ ಬದಲಾದುವು; ವಿದ್ಯುತ್ತಿನ ಸ್ವಭಾವ ಬದಲಾಗಿಲ್ಲ.

ಇನ್ನೊಂದು ಮಾತು. ಬೇಕಲೈಟ್ ಅವಾಹಕವಾದುದರಿಂದ ಹಳೆಯ ಹೋಲ್ಡರಿಗೆ ಭೂಸಂಪರ್ಕ ಬೇಕಿರಲಿಲ್ಲ. ಎಂತಲೇ ಹಳೆಯ ಮನೆಗಳಲ್ಲಿ ದೀಪದವರೆಗೆ ಎರಡೇ ತಂತಿಗಳು ಹೋಗಿರುತ್ತವೆ. ಲೋಹದ ತೂಗುದೀಪ ಬಂದಾಗ ಅದರ ಹಸಿರು ತಂತಿಯನ್ನು ಜೋಡಿಸಲು ಎಡೆಯೇ ಇರುವುದಿಲ್ಲ. ಆಗ ಅದನ್ನು ಸುರುಳಿ ಸುತ್ತಿ ಬಟ್ಟಲಿನೊಳಗೆ ಅಡಗಿಸುತ್ತಾರೆ, ಇಲ್ಲವೆ ಕತ್ತರಿಸಿಬಿಡುತ್ತಾರೆ. ಕಾಣುವ ದೀಪಕ್ಕೆ ಸಾವಿರಾರು ರೂಪಾಯಿ ಸುರಿಯುವ ನಾವು, ಕಾಣದ ತಂತಿಯೊಂದಕ್ಕೆ ನೂರು ರೂಪಾಯಿ ಬಿಚ್ಚಲು ಹಿಂಜರಿಯುವುದು ವಿಚಿತ್ರವಲ್ಲವೆ? ಚಾವಡಿಯ ಅಂದಕ್ಕಾಗಿ ದೀಪ ಬದಲಿಸುವುದನ್ನು ನಾನು ಆಕ್ಷೇಪಿಸುವವನಲ್ಲ. ಕೆಲಸವು ಅಂಗಡಿಯಿಂದಲ್ಲ, ಸ್ವಿಚ್ಚಿನ ಹಲಗೆಯಿಂದ ಆರಂಭವಾಗಲಿ ಎನ್ನುತ್ತೇನೆ, ಅಷ್ಟೆ.

ಈ ವಿಷಯ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ಕೆಂಪು, ಕಪ್ಪು, ಹಸಿರು ತಂತಿಗಳ ಚಿತ್ರ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿದೆ. ಅದನ್ನು ಅಂದವಾಗಿ ಬರೆದು ಪೂರ್ಣಾಂಕ ಪಡೆದವರು ಎಷ್ಟೋ ಮಂದಿ. ಆದರೆ ‘ನಿಮ್ಮ ಮನೆಯ ಸ್ವಿಚ್ಚು ಯಾವ ತಂತಿಯಲ್ಲಿದೆ?’ ಎಂದು ಕೇಳಿದರೆ ಅವರು ಮುಖಮುಖ ನೋಡಿಕೊಳ್ಳುತ್ತಾರೆ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಂದು ಮರದ ಹಲಗೆಯ ಮೇಲೆ, 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಮನೆಯ ವೈರಿಂಗನ್ನು ಏರ್ಪಡಿಸಿ, ಬೇಕೆಂದೇ ಒಂದೆರಡು ತಪ್ಪುಗಳನ್ನಿಟ್ಟು, ಕಂಡುಹಿಡಿಯಿರೆಂದು ಮಕ್ಕಳನ್ನು ಬಿಡಬೇಕು. ಇದಕ್ಕೆ ತಗಲುವ ಖರ್ಚು ಹೆಚ್ಚಲ್ಲ. ಮನೆಯ ನಿಜವಾದ ತಂತಿಗೆ ಮಾತ್ರ ಯಾರೂ ಕೈಹಚ್ಚಕೂಡದು. ಅದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರ ಕೆಲಸ. ಆದರೆ ಅವರಿಗೆ ಕೇಳಬೇಕಾದ ಪ್ರಶ್ನೆ ನಮಗೆ ತಿಳಿದಿರಬೇಕಷ್ಟೆ.

ಅಂಬಲಪಾಡಿಯ ಮನೆಗೆ ಅಂಥವರೊಬ್ಬರನ್ನು ಕರೆಸಿದೆವು. ಅವರು ಮೊದಲು ಮೈನ್ ಸ್ವಿಚ್ಚನ್ನು ಆರಿಸಿ, ಚಾವಡಿಯ ಹಲಗೆಯನ್ನು ಬಿಚ್ಚಿದರು. ಊಹಿಸಿದಂತೆಯೇ ತಂತಿಗಳು ಅದಲುಬದಲಾಗಿದ್ದುವು. ಅರ್ಧ ಗಂಟೆಯಲ್ಲಿ ಅದು ಸರಿಯಾಯಿತು. ಭೂಸಂಪರ್ಕದ ತಂತಿಯನ್ನು ತೂಗುದೀಪದವರೆಗೆ ಎಳೆಯಲು ಅರ್ಧ ದಿನ ಹಿಡಿಯಿತು. ಅಂದಿನಿಂದ ಆ ದೀಪ ಮಿಣುಕಿಲ್ಲ. ಮಿಕ್ಕ ಕೋಣೆಗಳನ್ನು ಪರೀಕ್ಷಿಸಿದಾಗ ಇನ್ನೆರಡು ಕಡೆಗಳಲ್ಲಿ ಅದೇ ತಪ್ಪು ಕಾಣಿಸಿತು. ಅಲ್ಲಿ ಹಳೆಯ ಬಲ್ಬುಗಳೇ ಇದ್ದುದರಿಂದ ಅಷ್ಟು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ.