ಮರ ನೆಟ್ಟರೆ ಹೊಗೆಯ ಸಾಲ ತೀರೀತೇ?

ಜುಲೈ ಬಂತೆಂದರೆ ಶಾಲೆಗಳಲ್ಲಿ ವನಮಹೋತ್ಸವದ ಸಡಗರ. 1950ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಶಿ ಆರಂಭಿಸಿದ ಈ ಹಬ್ಬದ ಭಾಷಣಗಳಲ್ಲಿ ಈಗ ಹೊಸ ಮಾತೊಂದು ಸೇರಿಕೊಂಡಿದೆ: ಸಸಿ ನೆಡಿ, ಭೂಮಿಯ ಬಿಸಿ ಇಳಿಸಿ. ಮಾತು ಸುಳ್ಳಲ್ಲ. ಆದರೆ ಅದು ಎಷ್ಟರ ಮಟ್ಟಿಗೆ ನಿಜ?

ಬೆಳೆಯುವ ಮರ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ, ಅದರ ಇಂಗಾಲವನ್ನು ಕಾಂಡ, ಕೊಂಬೆ, ಬೇರುಗಳಲ್ಲಿ ಕೂಡಿಡುತ್ತದೆ. ದ್ಯುತಿಸಂಶ್ಲೇಷಣೆಯ ಪಾಠ ಓದಿದ ಎಲ್ಲ ವಿದ್ಯಾರ್ಥಿಗಳಿಗೂ ಇದು ಗೊತ್ತು. ಮರ ಕೊಳೆತಾಗ ಅಥವಾ ಸುಟ್ಟಾಗ ಅದೇ ಇಂಗಾಲ ಮರಳಿ ಗಾಳಿ ಸೇರುತ್ತದೆ ಎಂಬುದು ಮಾತ್ರ ಬೇಗ ಮರೆತುಹೋಗುತ್ತದೆ. ಕಲ್ಲಿದ್ದಲು, ಪೆಟ್ರೋಲುಗಳ ಇಂಗಾಲ ಕೋಟ್ಯಂತರ ವರ್ಷ ನೆಲದಾಳದಲ್ಲಿ ಭದ್ರವಾಗಿತ್ತು. ಅದನ್ನು ಉರಿಸಿ ಮರದಲ್ಲಿ ಇಡುವುದೆಂದರೆ ತಿಜೋರಿಯ ಒಡವೆಯನ್ನು ತಂದು ಜಗಲಿಯ ಮೇಲಿಟ್ಟಂತೆ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2021ರ ಜುಲೈಯಲ್ಲಿ ನಡೆದದ್ದು ಅದೇ. ಅಲ್ಲಿ ಎದ್ದ ‘ಬೂಟ್‌ಲೆಗ್’ ಕಾಳ್ಗಿಚ್ಚು 4 ಲಕ್ಷ ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಕಂಪನಿಗಳ ಹೊಗೆಗೆ ಪರಿಹಾರವೆಂದು ಲೆಕ್ಕಕ್ಕೆ ಹಿಡಿದಿದ್ದ ಕಾಡಿನ ಒಂದು ಭಾಗವೂ ಬೂದಿಯಾಯಿತು. ಪಕ್ಕದ ಕ್ಯಾಲಿಫೋರ್ನಿಯಾದ ನಿಯಮದಂತೆ ಇಂಥ ಇಂಗಾಲ 100 ವರ್ಷ ಮರದಲ್ಲೇ ಉಳಿಯಬೇಕು. ಬೆಂಕಿ, ರೋಗಗಳ ನಷ್ಟ ತುಂಬಲು ಪ್ರತಿ ಯೋಜನೆಯಿಂದಲೂ ಒಂದು ಪಾಲನ್ನು ವಿಮೆಯಂತೆ ತೆಗೆದಿಡುತ್ತಾರೆ. ಇದರಲ್ಲಿ ಒಂದು ಶತಮಾನದ ಬೆಂಕಿಗೆಂದು ಇಟ್ಟಿದ್ದ ಪಾಲಿನ ಶೇಕಡ 95ರಷ್ಟಾದರೂ ಮೊದಲ ಹತ್ತು ವರ್ಷಗಳಲ್ಲೇ ಕರಗಿತೆಂದು 2022ರ ಅಧ್ಯಯನವೊಂದು ಅಂದಾಜು ಮಾಡಿತು. ಭೂಮಿ ಬಿಸಿಯಾದಷ್ಟೂ ಕಾಡು ಒಣಗಿ ಬೆಂಕಿಯ ಭಯ ಹೆಚ್ಚುತ್ತದೆ. ಬಿಸಿಯಿಂದ ಕಾಪಾಡಬೇಕಾದ ಮರವೇ ಬಿಸಿಗೆ ಬಲಿಯಾಗುತ್ತದೆ.

ಇನ್ನು ಜಾಗದ ಪ್ರಶ್ನೆ. ಬೇರೆಬೇರೆ ದೇಶಗಳು ಹವಾಮಾನ ರಕ್ಷಣೆಗಾಗಿ ಕೊಟ್ಟ ಮಾತನ್ನೆಲ್ಲ ಕೂಡಿಸಿದರೆ ಸುಮಾರು 120 ಕೋಟಿ ಹೆಕ್ಟೇರ್ ನೆಲ ಬೇಕೆಂದು 2022ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಇಡೀ ಭಾರತದ ವಿಸ್ತೀರ್ಣ ಸುಮಾರು 33 ಕೋಟಿ ಹೆಕ್ಟೇರ್. ಅಂದರೆ ಮೂರೂವರೆ ಭಾರತಕ್ಕೂ ಹೆಚ್ಚು ನೆಲ! ಅಷ್ಟು ನೆಲ ಖಾಲಿ ಬಿದ್ದಿಲ್ಲ. ಅಲ್ಲಿ ಯಾರದೋ ಹೊಲವಿದೆ, ಯಾರದೋ ಗೋಮಾಳವಿದೆ.

ಮರವಿಲ್ಲದ ನೆಲವೆಲ್ಲ ಬಂಜರು ಎಂಬ ಎಣಿಕೆಯೂ ತಪ್ಪು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಧಾಮವನ್ನೇ ನೋಡಿ. ಬಯಲಿನಲ್ಲಿ ಹುಲ್ಲು ಮೇಯುವ ಪ್ರಾಣಿಯ ನೆಲೆಯಲ್ಲೂ ನೀಲಗಿರಿ ನೆಡುತೋಪುಗಳು ಎದ್ದವು. ಹುಲ್ಲುಗಾವಲಿನ ಇಂಗಾಲ ಬಹುಪಾಲು ಬೇರು ಮತ್ತು ಮಣ್ಣಿನಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗುಂಡಿ ತೋಡಿದರೆ ಕೃಷ್ಣಮೃಗಕ್ಕೂ ನಷ್ಟ, ಕುರಿಗಾಹಿಗೂ ನಷ್ಟ.

ಕೊನೆಯದಾಗಿ ಒಂದು ಸರಳ ಲೆಕ್ಕ. 2030ರೊಳಗೆ ಹೆಚ್ಚುವರಿ ಕಾಡು, ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಹಿಡಿದಿಡುವುದಾಗಿ ಭಾರತ 2015ರಲ್ಲಿ ಮಾತು ಕೊಟ್ಟಿತು. ಕಲ್ಲಿದ್ದಲು, ತೈಲಗಳಿಂದ ದೇಶ ಈಗ ಒಂದೇ ವರ್ಷದಲ್ಲಿ ಉಗುಳುವ ಪ್ರಮಾಣ 300 ಕೋಟಿ ಟನ್ ದಾಟಿದೆ. ಹದಿನೈದು ವರ್ಷದ ಗಳಿಕೆ ಒಂದು ವರ್ಷದ ಖರ್ಚಿಗೆ ಸಾಲದು!

ಹಾಗೆಂದು ಸಸಿ ನೆಡುವುದನ್ನು ಬಿಡಬೇಕಿಲ್ಲ. ನೆರಳು, ನೀರು, ಹಣ್ಣು, ಹಕ್ಕಿ ಎಲ್ಲಕ್ಕೂ ಮರ ಬೇಕು. ಎಷ್ಟು ಪ್ರಯತ್ನಿಸಿದರೂ ನಿಲ್ಲಿಸಲಾಗದ ಅಲ್ಪಸ್ವಲ್ಪ ಹೊಗೆಯನ್ನು ಸರಿದೂಗಿಸಲೂ ಬೇಕು. ಇರುವ ಕಾಡನ್ನು ಉಳಿಸಿಕೊಳ್ಳುವುದಂತೂ ಎಲ್ಲಕ್ಕಿಂತ ಮೊದಲ ಕೆಲಸ. ಆದರೆ ಹೊಗೆಯುಗುಳಲು ಮರ ಪರವಾನಗಿಯಲ್ಲ. ಒಲೆಯ ಉರಿ ತಗ್ಗಿಸದೆ ಹಾಲಿಗೆ ನೀರು ಚಿಮುಕಿಸುತ್ತಾ ಕೂತರೆ ಉಕ್ಕುವುದು ಎಷ್ಟು ಹೊತ್ತು ನಿಂತೀತು?

ಈ ಸಲದ ವನಮಹೋತ್ಸವದಲ್ಲಿ ಮಕ್ಕಳು ಎರಡು ಪ್ರಶ್ನೆ ಕೇಳಬಹುದು. ಕಳೆದ ವರ್ಷ ನೆಟ್ಟ ಸಸಿಗಳಲ್ಲಿ ಬದುಕಿರುವುದೆಷ್ಟು? ಶಾಲೆಯ, ಮನೆಯ ವಿದ್ಯುತ್ ಮತ್ತು ಪೆಟ್ರೋಲಿನ ಖರ್ಚು ಕಳೆದ ವರ್ಷಕ್ಕಿಂತ ಇಳಿದಿದೆಯೇ? ಉತ್ತರ ಹುಡುಕಲು ತಂದೆತಾಯಿಯರೂ ಜೊತೆಗೂಡಲಿ.